ಕೆಂಚಿಯ ಕಾಲ ಕೆಳಗಿನ ಮಣ್ಣು

ನಾನು ಸಾಕಿರುವ ಹಲ್ಲಿ ಕೆಂಚಿಯ ಹಿಂಗಾಲಿನ ಬೆರಳಿಗೆ ಹಸಿರು ಎಳೆ ಸುತ್ತಿಕೊಂಡಿರುವುದು ನನಗೆ ಕಂಡಿದ್ದು ಫೆಬ್ರವರಿಯ ಒಂದು ರಾತ್ರಿ, ಹತ್ತು ಗಂಟೆ ದಾಟಿದ ಮೇಲೆ. ಊಟ ಮುಗಿಸಿ, ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಿಡಿದು ಅವಳ ಗಾಜಿನ ಪೆಟ್ಟಿಗೆ ನೋಡೋದು ನನ್ನ ರೂಢಿ. ಅವತ್ತು ಕಾಲು ಎಳೆಯುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹುಲ್ಲಿನ ಚಾಪೆಯ ಎಳೆಯೊಂದು ಉಗುರಿಗೆ ಸಿಕ್ಕಿ, ಅದರ ಜೊತೆ ಹಿಂದಿನ ಸಲ ಪೊರೆ ಬಿಟ್ಟಾಗ ಉಳಿದಿದ್ದ ಒಣ ಚರ್ಮವೂ ಸೇರಿ, ಬೆರಳಿಗೆ ಉಂಗುರದ ಹಾಗೆ ಬಿಗಿದುಕೊಂಡಿತ್ತು. ಬೆರಳು ಊದಿತ್ತು. ತುದಿ ಕಪ್ಪಾಗಿತ್ತು.

ಕೆಂಚಿ ಅಂದರೆ ಆಫ್ರಿಕನ್ ಫ್ಯಾಟ್ ಟೇಲ್ ಗೆಕೊ. ಪಶ್ಚಿಮ ಆಫ್ರಿಕಾದ ಹಲ್ಲಿ. ಬಾಲ ದಪ್ಪ, ಅದರಲ್ಲೇ ಕೊಬ್ಬು ಕೂಡಿಟ್ಟುಕೊಳ್ಳುತ್ತೆ. ಬೆಂಗಳೂರಲ್ಲಿದ್ದ ನನ್ನ ತಮ್ಮ ಕೆಲಸಕ್ಕೆ ಅಂತ ಜರ್ಮನಿಗೆ ಹೊರಟಾಗ ಪೆಟ್ಟಿಗೆ ಸಮೇತ ತಂದು ನಮ್ಮ ಕ್ಯಾತ್ಸಂದ್ರದ ಮನೆಯಲ್ಲಿ ಬಿಟ್ಟು ಹೋದ. ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಪ್ರಾಣಿ ಇದು, ಎಲ್ಲಿಂದಲೋ ಹಿಡಿದು ತಂದಿದ್ದಲ್ಲ. ನಮ್ಮ ಬೆಟ್ಟ ಗುಡ್ಡದ ಹಲ್ಲಿ, ಓತಿ, ಆಮೆಗಳನ್ನು ಹಿಡಿದು ತಂದು ಸಾಕೋದನ್ನ ಯಾರೂ ಮಾಡಬಾರದು, ನಕ್ಷತ್ರ ಆಮೆ ಥರದವುಗಳಿಗಂತೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹೆಸರಿಟ್ಟಿದ್ದು ನಮ್ಮಜ್ಜಿ. ಮೈಬಣ್ಣ ನೋಡಿ ಕೆಂಚಿ ಅಂದರು. ಆಮೇಲೆ ಮುಖ ಹತ್ತಿರ ತಂದು, 'ಅಯ್ಯೋ, ಇದಕ್ಕೆ ರೆಪ್ಪೆ ಐತಲ್ಲೇ!' ಅಂತ ಬೆರಗಾದರು. ನಿಜ. ಗೋಡೆ ಮೇಲಿನ ನಮ್ಮ ಹಲ್ಲಿ ಕಣ್ಣು ಮುಚ್ಚೋದಿಲ್ಲ, ಅದಕ್ಕೆ ರೆಪ್ಪೆಯೇ ಇಲ್ಲ. ಕೆಂಚಿ ಕಣ್ಣು ಮುಚ್ಚಿ ನಿದ್ದೆ ಮಾಡ್ತಾಳೆ. ಇನ್ನೊಂದು ವ್ಯತ್ಯಾಸವೂ ಇದೆ, ಅದು ನನಗೆ ಅರ್ಥ ಆಗಿದ್ದು ತಡವಾಗಿ. ಅವಳ ಪಾದಕ್ಕೆ ಅಂಟು ಇಲ್ಲ. ಗೋಡೆ ಹತ್ತೋಕೆ ಬರೋದಿಲ್ಲ. ಹುಟ್ಟಿನಿಂದ ಕೊನೆ ತನಕ, ಅಂದರೆ ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಮೇಲೆ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡೇ ಬದುಕಬೇಕು. ಅಂಥ ಜೀವಕ್ಕೆ ನಾವು ಪ್ಲಾಸ್ಟಿಕ್ ಹುಲ್ಲು ಹಾಸಿದ್ದೆವು.

ಮಾರನೇ ದಿನವೇ ರಜೆ ಹಾಕಿ ಅವಳನ್ನ ತೂತು ಮಾಡಿದ ಡಬ್ಬಿಯಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದೆ. ಹಾವು, ಹಲ್ಲಿ, ಆಮೆ ನೋಡುವ ಡಾಕ್ಟರ್ ಅಲ್ಲೇ ಇರೋದು. ಅವರು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಮೇಲೆ ಕೆಂಚಿಯನ್ನ ಇಪ್ಪತ್ತು ನಿಮಿಷ ಕೂರಿಸಿ, ಚರ್ಮ ನೆನೆದ ಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ನಿಧಾನಕ್ಕೆ ಉರುಳಿಸಿ ಆ ಉಂಗುರ ಬಿಡಿಸಿದರು. ಬೆರಳು ಉಳಿಯಿತು. ತುದಿ ಉಳಿಯಲಿಲ್ಲ. ಎರಡು ವಾರದ ಮೇಲೆ ಒಣಗಿ ಬಿದ್ದು ಹೋಯಿತು. ಈಗಲೂ ಅವಳು ನಡೆಯುವಾಗ ನನ್ನ ಕಣ್ಣು ಮೊದಲು ಆ ಬೆರಳಿಗೇ ಹೋಗುತ್ತೆ.

'ಚಾಪೆ ತೆಗೆದು ಏನು ಹಾಕಲಿ?' ಅಂತ ಕೇಳಿದೆ. ಡಾಕ್ಟರ್ ತಿರುಗಿ ಕೇಳಿದ್ದು ಬೇರೆ ಪ್ರಶ್ನೆ. 'ನೆಲ ಎಷ್ಟು ಬಿಸಿ ಇದೆ ಅಂತ ಅಳೆದಿದ್ದೀರಾ?' ಪೆಟ್ಟಿಗೆಯ ಗಾಜಿಗೆ ಅಂಟಿಸಿದ್ದ ಬಿಸಿ ಅಳೆಯುವ ಗುಂಡು ಮೀಟರ್ 32 ಡಿಗ್ರಿ ತೋರಿಸುತ್ತಿತ್ತು, ನಾನು ಅದನ್ನೇ ನಂಬಿದ್ದೆ. ಮನೆಗೆ ಬಂದು ವೈರಿನ ತುದಿಯಲ್ಲಿ ಸೆನ್ಸರ್ ಇರುವ ಥರ್ಮಾಮೀಟರ್ ತರಿಸಿ ನೆಲಕ್ಕೇ ಇಟ್ಟು ನೋಡಿದರೆ 26! ಹೊಟ್ಟೆ ತಾಗುವ ಜಾಗ ತಣ್ಣಗಿತ್ತು. ಇದು ಯಾಕೆ ಮುಖ್ಯ ಅಂದರೆ, ಹಲ್ಲಿಗೆ ಮೈಬಿಸಿ ಹೊರಗಿನಿಂದಲೇ ಬರಬೇಕು. ನೆಲ ತಣ್ಣಗಿದ್ದರೆ ತಿಂದಿದ್ದು ಜೀರ್ಣ ಆಗೋದಿಲ್ಲ, ಕರುಳು ನಿಧಾನ ಆಗುತ್ತೆ. ಆಗ ಹುಳದ ಜೊತೆ ಬಾಯಿಗೆ ಹೋದ ನಾಲ್ಕು ಕಾಳು ಮರಳು ಕೂಡ ಒಳಗೇ ಕೂತು ಗಟ್ಟಿಯಾಗಬಹುದು. ಹಲ್ಲಿ ಸಾಕುವವರು ಮಣ್ಣು, ಮರಳು ಅಂದರೆ ಹೆದರೋದು ಈ ಕಾರಣಕ್ಕೇ. ಡಾಕ್ಟರ್ ಹೇಳಿದ ಪ್ರಕಾರ ಬಿಸಿ ಸರಿ ಇದ್ದು, ನೀರು ಸಿಗ್ತಾ ಇದ್ದು, ಕ್ಯಾಲ್ಸಿಯಂ ಕಡಿಮೆ ಆಗದೆ ಇದ್ದರೆ ಬಾಯಿಗೆ ಹೋದ ಚೂರುಪಾರು ಮಣ್ಣು ಹಿಕ್ಕೆಯ ಜೊತೆ ಹೊರಗೆ ಬರುತ್ತೆ. ಹಲ್ಲಿ ಬೇಕಂತಲೇ ನೆಲ ನೆಕ್ಕುತ್ತಿದ್ದರೆ ಅದಕ್ಕೆ ಕ್ಯಾಲ್ಸಿಯಂ ಸಾಲುತ್ತಿಲ್ಲದೆ ಇರಬಹುದು. ಮೊದಲು ಅದನ್ನು ಸರಿಮಾಡಬೇಕು.

ಗಾಯ ಮಾಯುವ ತನಕ ಬಿಳಿ ಟಿಶ್ಯೂ ಪೇಪರ್ ಹಾಸಿದೆ. ಅದಕ್ಕಿಂತ ಸುರಕ್ಷಿತವಾದದ್ದು ಇಲ್ಲ. ರಕ್ತ, ಕೀವು, ಹಿಕ್ಕೆ ಎಲ್ಲ ತಕ್ಷಣ ಕಾಣುತ್ತೆ. ಹೊಸದಾಗಿ ತಂದ ಪ್ರಾಣಿಗೂ, ಕಾಯಿಲೆ ಬಿದ್ದ ಪ್ರಾಣಿಗೂ ಅದೇ ಸರಿ ಅಂತ ನಾನು ಯಾರಿಗಾದರೂ ಹೇಳ್ತೀನಿ. ಆದರೆ ಕೆಂಚಿ ರಾತ್ರಿಯೆಲ್ಲ ಆ ಪೇಪರನ್ನು ಕೆರೆಯುತ್ತಿದ್ದಳು. ಮುಂಗಾಲಲ್ಲಿ ಕೆರೆದು, ಮೂತಿಯಿಂದ ನೂಕಿ, ಪೇಪರ್ ಕೆಳಗೆ ನುಗ್ಗಿ, ಗಾಜು ಸಿಕ್ಕಿದ ಮೇಲೆ ಸುಮ್ನೆ ಮಲಗಿಬಿಡುತ್ತಿದ್ದಳು. ಅವಳಿಗೆ ತೋಡೋಕೆ ಏನೋ ಬೇಕಿತ್ತು.

ಹಾಗಾಗಿ ಹುಡುಕಾಟ ಶುರು. ಒಂದು ಪೆಟ್ ಅಂಗಡಿಯವರು ಬಣ್ಣದ ಕ್ಯಾಲ್ಸಿಯಂ ಮರಳು ಕೊಟ್ಟರು, 'ತಿಂದರೂ ಕರಗುತ್ತೆ ಮೇಡಂ' ಅಂತ ಹೇಳಿ. ಮನೆಗೆ ತಂದು ಎರಡು ಚಮಚ ಬಟ್ಟಲಿಗೆ ಹಾಕಿ ನಿಂಬೆರಸ ಹಿಂಡಿದೆ. ನೊರೆ ಬಂತು, ಸರಿ, ಸುಣ್ಣದ ಜಾತಿಯೇ. ಇನ್ನೊಂದು ಬಟ್ಟಲಲ್ಲಿ ನೀರು ಚಿಮುಕಿಸಿ ರಾತ್ರಿ ಬಿಟ್ಟೆ. ಬೆಳಗ್ಗೆ ಬಟ್ಟಲು ಬೋರಲು ಹಾಕಿದರೂ ಬೀಳಲಿಲ್ಲ, ಅಚ್ಚು ಹೊಯ್ದ ಹಾಗೆ ಹಿಡಿದುಕೊಂಡಿತ್ತು. ಅದೇ ಕೆಲಸ ಒದ್ದೆ ಹೊಟ್ಟೆಯೊಳಗೆ ಆದರೆ? ಅದೂ ಅಲ್ಲದೆ ಕ್ಯಾಲ್ಸಿಯಂ ರುಚಿಗೆ ಹಲ್ಲಿ ಬೇಕಂತಲೇ ನೆಕ್ಕುತ್ತೆ. ಪ್ಯಾಕೆಟ್ ಕಟ್ಟಿ ಎತ್ತಿಟ್ಟೆ.

ನಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಕಡೆ ಎಂ ಸ್ಯಾಂಡ್ ರಾಶಿ ಬಿದ್ದಿತ್ತು. ಕೇಳಿದ್ದಕ್ಕೆ ಮೇಸ್ತ್ರಿ ಒಂದು ಹಿಡಿ ತೆಗೆದು ನನ್ನ ಕೈಗೆ ಹಾಕಿ, 'ಉಜ್ಜಿ ನೋಡಿ ಅಕ್ಕ' ಅಂದರು. ಚುಚ್ಚಿತು. ಕಲ್ಲು ಪುಡಿ ಮಾಡಿ ತೆಗೆದಿದ್ದು, ಅಂಚು ಚೂಪಾಗೇ ಇರುತ್ತೆ, ಹೊಳೆ ಮರಳಿನ ಹಾಗೆ ನೀರಲ್ಲಿ ಉರುಳಿ ನುಣುಪಾಗಿರೋದಿಲ್ಲ. ಜೊತೆಗೆ ಬಿಳಿ ದೂಳು. ಮರದ ಹೊಟ್ಟನ್ನೂ ಬಿಟ್ಟೆ. ಸಾಮಿಲ್‌ನಲ್ಲಿ ಯಾವ ಮರದ್ದು ಅಂತ ಹೇಳೋಕಾಗಲ್ಲ, ಪೈನ್, ದೇವದಾರು ಥರದ ವಾಸನೆ ಮರಗಳ ಎಣ್ಣೆ ಹಲ್ಲಿಯ ಉಸಿರಿಗೆ ಒಳ್ಳೇದಲ್ಲ.

ಕಡಪ ಕಲ್ಲು ಮಾತ್ರ ನನಗೆ ಇಷ್ಟ ಆಯಿತು. ಅಡುಗೆಮನೆ ಶೆಲ್ಫಿಗೆ ಹಾಕಿ ಉಳಿದಿದ್ದ ತುಂಡು ಮನೆ ಹಿಂದೆ ಇತ್ತು. ತೊಳೆದು ಅಂಚು ಉಜ್ಜಿ ಇಟ್ಟೆ. ಮೇಲಿನ ಬಲ್ಬಿನ ಬಿಸಿ ಹೀರಿಕೊಂಡು ಲೈಟ್ ಆರಿದ ಮೇಲೂ ತುಂಬಾ ಹೊತ್ತು ಬೆಚ್ಚಗಿರುತ್ತೆ. ಕೆಂಚಿ ಸಂಜೆ ಎದ್ದ ತಕ್ಷಣ ಅದರ ಮೇಲೆ ಹೊಟ್ಟೆ ಹರಡಿಕೊಂಡು ಮಲಗುತ್ತಿದ್ದಳು. ಉಗುರೂ ಸವೆಯುತ್ತೆ. ಆದರೆ ಪೂರ್ತಿ ಕಲ್ಲೇ ಹಾಸಿದಾಗ ಗಾಳಿ ಒಣಗಿತು. ತೇವ ಶೇಕಡಾ 40ರ ಕೆಳಗೆ ಇಳಿಯಿತು. ಈ ಜಾತಿಗೆ 50ರಿಂದ 70ರ ತನಕ ತೇವ ಬೇಕು. ಇಲ್ಲದಿದ್ದರೆ ಪೊರೆ ಮತ್ತೆ ಬೆರಳಿಗೆ ಕಚ್ಚಿಕೊಳ್ಳುತ್ತೆ. ಮೊದಲೇ ಒಂದು ಬೆರಳಿನ ತುದಿ ಕಳೆದುಕೊಂಡವಳು. ಹಾಗಾಗಿ ಕಲ್ಲು ಬೇಕು, ಆದರೆ ಬಿಸಿ ಇರುವ ಒಂದು ಮೂಲೆಗೆ ಮಾತ್ರ. ಉಳಿದ ಕಡೆ ನೀರು ಹಿಡಿದಿಟ್ಟುಕೊಳ್ಳುವ ಮಣ್ಣೇ ಆಗಬೇಕು ಅಂತ ಅಲ್ಲಿಗೆ ತೀರ್ಮಾನ ಆಯಿತು.

ನೀರು ಹಿಡಿದಿಡೋ ವಸ್ತುವಿಗೆ ತುಮಕೂರು ಜಿಲ್ಲೆಯವರು ಊರೂರು ಅಲೆಯಬೇಕಿಲ್ಲ ಅಲ್ವಾ. ತಿಪಟೂರು ಕಡೆ ನೆಂಟರ ತೋಟದ ಪಕ್ಕದಲ್ಲೇ ನಾರು ತೆಗೆಯುವ ಯೂನಿಟ್ ಇದೆ. ಅಲ್ಲಿಂದ ಒಂದು ಚೀಲ ತೆಂಗಿನ ನಾರಿನ ಪುಡಿ ತಂದೆ, ಅದೇ ಕೊಕೊಪೀಟ್. ಬಕೆಟ್‌ನಲ್ಲಿ ನೆನೆ ಹಾಕಿದರೆ ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಈ ಪುಡಿಯಲ್ಲಿ ಉಪ್ಪಿನಂಶ ಇರುತ್ತೆ, ತೊಳೆಯದೆ ಹಾಕಬಾರದು. ಹಳೆ ಪಂಚೆಯಲ್ಲಿ ಗಂಟು ಕಟ್ಟಿ ಹಿಂಡಿ, ಮತ್ತೆ ನೆನೆಸಿ, ಮತ್ತೆ ಹಿಂಡಿ, ಐದನೇ ಸಲಕ್ಕೆ ನೀರು ತಿಳಿಯಾಯಿತು. ಕೈಯೆಲ್ಲ ಕಂದು ಬಣ್ಣ ಹಿಡಿದಿತ್ತು.

ಅದನ್ನೇ ಬರೀ ಹಾಸಿ ನೋಡಿದೆ. ಒದ್ದೆ ಇದ್ದಾಗ ಚೆನ್ನ. ಆದರೆ ಬಲ್ಬಿನ ಕಡೆ ಎರಡೇ ದಿನಕ್ಕೆ ಒಣಗಿ ಹಗುರಾಗಿ, ಕೆಂಚಿ ಕಾಲಿಟ್ಟಾಗಲೆಲ್ಲ ದೂಳು ಎದ್ದು ಅವಳ ಕಣ್ಣಂಚಿಗೆ ಕೂರುತ್ತಿತ್ತು. ತೋಡಿದ ಗುಳಿ ನಿಲ್ಲದೆ ಕುಸಿಯುತ್ತಿತ್ತು. ಹಿಡಿತಕ್ಕೆ ಜೇಡಿ ಅಂಶ ಇರುವ ಮಣ್ಣು ಬೇಕು.

ಏಪ್ರಿಲ್‌ನಲ್ಲಿ ಕೊರಟಗೆರೆ ಹತ್ತಿರದ ಅಜ್ಜಿ ಊರಿಗೆ ಹೋದೆ. ನನ್ನ ಕಣ್ಣು ಮೊದಲು ಬಿದ್ದಿದ್ದು ಹೊಲದ ಬದುವಿನಲ್ಲಿದ್ದ ಹುತ್ತದ ಮೇಲೆ. ಗೆದ್ದಲು ಕಟ್ಟಿದ ಮಣ್ಣು ಎಷ್ಟು ನುಣುಪು, ಎಷ್ಟು ಗಟ್ಟಿ! ಅಜ್ಜಿ ಮಾತ್ರ ಗುದ್ದಲಿಗೆ ಕೈ ಹಾಕೋಕೆ ಬಿಡಲಿಲ್ಲ. 'ಹುತ್ತಕ್ಕೆ ಕೈ ಹಾಕ್ಬ್ಯಾಡ ಕಣವ್ವ. ವರ್ಷಾ ಹಾಲು ಎರೆಯೋ ಜಾಗ ಅದು. ಅದೊಂದು ಜೀವದ ಮನೆ ಕೆಡವಿ ನಿನ್ನ ಕೆಂಚಿಗೆ ಮನೆ ಕಟ್ಟಬೇಕಾ?' ನನಗೆ ಆ ಮಾತು ಸರಿ ಅನ್ನಿಸಿತು. ಹಾವು ಇರುವ ಜಾಗ ಅನ್ನೋದು ಬೇರೆ. ಗುದ್ದಲಿ ಅಲ್ಲೇ ಬಿಟ್ಟೆ.

ಮಾವ ಟೊಮೆಟೊ ಹಾಕಿದ್ದ ಹೊಲದ ಮಣ್ಣು ಬೇಡ ಅಂತ ನಾನೇ ಹೇಳಿದೆ. ವರ್ಷಕ್ಕೆ ಎಷ್ಟು ಸಲ ಔಷಧಿ ಹೊಡೀತಾರೋ ಅವರಿಗೇ ಗೊತ್ತು. ಕೆರೆ ಗೋಡು ಕೂಡ ಬಿಟ್ಟೆವು, ಸುತ್ತಲ ಹೊಲದ ನೀರೆಲ್ಲ ಹರಿದು ಬಂದು ಸೇರೋದು ಅಲ್ಲಿಗೇ. ಮೇಲುಗಡೆ ಒಂದು ಬೀಳು ಇದೆ, ನಾನು ಹುಟ್ಟಿದ ಮೇಲೆ ಅದಕ್ಕೆ ನೇಗಿಲು ಇಳಿದಿಲ್ಲ. ಅಲ್ಲಿ ಅರ್ಧ ಅಡಿ ಮೇಲ್ಮಣ್ಣು ಸರಿಸಿ ಕೆಮ್ಮಣ್ಣು ತೆಗೆದೆವು. ರಾಗಿ ಜರಡಿಯಲ್ಲಿ ಆಡಿಸಬೇಡ ಅಂತ ಅತ್ತೆ ಮರಳು ಜರಡಿ ಕೊಟ್ಟರು. ಗಾಜಿನ ಚೂರು, ಮುಳ್ಳು, ದೊಡ್ಡ ಹರಳು ಎಲ್ಲ ಮೇಲೆ ಉಳಿಯಿತು.

ಆ ಮಣ್ಣಲ್ಲಿ ಏನು ಎಷ್ಟಿದೆ ಅಂತ ತಿಳಿಯೋಕೆ ಒಂದು ಸುಲಭದ ಉಪಾಯ ಇದೆ, ಇದನ್ನ ಮಾತ್ರ ಎಲ್ಲರೂ ಮಾಡಿ ನೋಡಬೇಕು. ಖಾಲಿ ಉಪ್ಪಿನಕಾಯಿ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಮುಚ್ಚಳ ಹಾಕಿ ಚೆನ್ನಾಗಿ ಅಲ್ಲಾಡಿಸಿ ಜಗುಲಿ ಮೇಲೆ ಇಟ್ಟು ಬಿಡೋದು. ಒಂದೆರಡು ನಿಮಿಷದಲ್ಲೇ ಮರಳು ತಳಕ್ಕೆ ಇಳಿಯಿತು. ಬಾಟಲಿ ಮೇಲೆ ಪೆನ್ನಲ್ಲಿ ಗೆರೆ ಹಾಕಿದೆ. ಊಟ ಆಗಿ ಒಂದು ನಿದ್ದೆ ಮುಗಿಸಿ ಬರುವಷ್ಟರಲ್ಲಿ ಅದರ ಮೇಲೆ ನುಣ್ಣನೆಯ ಇನ್ನೊಂದು ಪದರ. ನೀರು ಮಾತ್ರ ಇನ್ನೂ ಕೆಂಪಗೇ ಇತ್ತು. ಜೇಡಿ ಅಷ್ಟು ಬೇಗ ಕೂರೋದಿಲ್ಲ. ಮಾರನೇ ದಿನ ಸಂಜೆಗೆ ನೀರು ತಿಳಿಯಾಗಿ, ಮೇಲ್ಗಡೆ ಬೆಣ್ಣೆ ಸವರಿದ ಹಾಗೆ ಕೆಂಪು ಪದರ ಕೂತಿತ್ತು. ಅರ್ಧಕ್ಕಿಂತ ಜಾಸ್ತಿ ಮರಳೇ, ಜೇಡಿ ಐದರಲ್ಲಿ ಒಂದು ಪಾಲು. ಅಂದರೆ ನಾನು ಬೇರೆ ಮರಳು ಸೇರಿಸೋದು ಬಹಳ ಬೇಕಾಗಿರಲಿಲ್ಲ. ಅಳೆಯದೆ ಲೆಕ್ಕ ಹಾಕಿದ್ದರೆ ಮರಳು ಸುರಿದು ಕೆಡಿಸುತ್ತಿದ್ದೆ.

ಆಮೇಲೆ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಗಾರೆ ಕೆಲಸದ ಕಬ್ಬಿಣದ ಬಾಂಡ್ಲಿಯಲ್ಲಿ ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿ ಬಿಸಿ ಮಾಡಿದೆ. ಮಣ್ಣಲ್ಲಿರುವ ಉಣ್ಣಿ, ಇರುವೆ ಮೊಟ್ಟೆ, ಏನೇನೋ ಹುಳ ಹೋಗಲಿ ಅಂತ. ಹಬೆ ಏಳುವಾಗ ಮೊದಲ ಮಳೆಯ ವಾಸನೆ ಹಿತ್ತಲಿಗೆಲ್ಲ ಹರಡಿತು. ಅಜ್ಜಿ ಕಲ್ಲಿನ ಮೇಲೆ ಕೂತು ಕರಣೆಯಲ್ಲಿ ಕೈಯಾಡಿಸ್ತಾ ಇದ್ದರು, ತಳ ಹಿಡಿಯದ ಹಾಗೆ, ಹುರಿಟ್ಟಿಗೆ ರಾಗಿ ಹುರಿಯೋವಷ್ಟೇ ಗಮನ ಕೊಟ್ಟು. ಅರ್ಧ ಗಂಟೆಗೊಂದು ಬಾಂಡ್ಲಿ, ಒಟ್ಟು ಆರು ಬಾಂಡ್ಲಿ.

ಮನೆಗೆ ಬಂದು ಬೆರೆಸಿದೆ. ಒಂದು ಲೀಟರ್ ಡಬ್ಬಿಯ ಲೆಕ್ಕದಲ್ಲಿ ಕೆಮ್ಮಣ್ಣು 18, ನಾರಿನ ಪುಡಿ 12, ಹಳೆ ಮನೆ ಕೆಲಸದಲ್ಲಿ ಉಳಿದಿದ್ದ ಹೊಳೆ ಮರಳು ತೊಳೆದು 3. ಸ್ವಲ್ಪ ಸ್ವಲ್ಪವೇ ನೀರು ಹಾಕಿ ಕೈಯಲ್ಲೇ ಕಲಸಿದೆ. ಹದ ಹೇಗೆ ಗೊತ್ತಾಗುತ್ತೆ ಅಂದರೆ, ತಂಬಿಟ್ಟು ಕಟ್ಟುವಾಗಿನ ಹದವೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು, ಕೈಗೆ ನೀರು ಬರಬಾರದು. ಮೊದಲ ಸಲ ನೀರು ಹೆಚ್ಚಾಗಿ ಇಟ್ಟಿಗೆ ಮಣ್ಣಿನ ಹಾಗಾಯಿತು. ಪೇಪರ್ ಮೇಲೆ ಹರಡಿ ಅರ್ಧ ದಿನ ಬಿಟ್ಟೆ.

ಪೆಟ್ಟಿಗೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ತೋಡುವ ಪ್ರಾಣಿಯ ಪೆಟ್ಟಿಗೆಯಲ್ಲಿ ಕಲ್ಲನ್ನು ಮಣ್ಣಿನ ಮೇಲೆ ಇಡಬಾರದು. ಕೆಳಗೆ ಬಿಲ ತೋಡಿದರೆ ಕಲ್ಲು ಕುಸಿದು ಅವಳ ಮೇಲೇ ಬೀಳುತ್ತೆ. ಹಾಗಾಗಿ ಮೊದಲು ಗಾಜಿನ ತಳಕ್ಕೆ ಹಳೆ ಯೋಗ ಮ್ಯಾಟಿನ ತುಂಡು ಹಾಕಿ, ಅದರ ಮೇಲೆ ಇಟ್ಟಿಗೆ ತುಂಡು, ಇಟ್ಟಿಗೆಯ ಮೇಲೆ ಕಡಪ ಕಲ್ಲು. ಅಲ್ಲಾಡಿಸಿ, ಒತ್ತಿ, ಜಗ್ಗಿ ನೋಡಿದ ಮೇಲೆ ಉಳಿದ ಜಾಗಕ್ಕೆ ನಾಲ್ಕು ಇಂಚು ಮಣ್ಣು ತುಂಬಿದೆ. ತಣ್ಣನೆ ಮೂಲೆಗೆ ಅಜ್ಜಿ ಊರಿಂದ ತಂದ ಒಂದು ನಾಡ ಹೆಂಚು, ಬೋರಲಾಗಿ. ಅದರ ಒಳಗೆ ಯಾವಾಗಲೂ ಸ್ವಲ್ಪ ಒದ್ದೆ. ಮೇಲೆ ಒಣಗಿದ ಹಲಸಿನ ಎಲೆ, ಮಾವಿನ ಎಲೆ ಉದುರಿಸಿದೆ. ಬೇವು, ಹೊಂಗೆ ಎಲೆ ಹಾಕಲಿಲ್ಲ. ಹುಳ ಓಡಿಸೋಕೆ ಬಳಸುವ ಎಲೆ ಅವು, ನನಗೆ ಮಣ್ಣಲ್ಲಿ ಹುಳ ಬೇಕಿತ್ತು.

ಯಾವ ಹುಳ ಅಂದರೆ, ಹೂಕುಂಡದ ಕೆಳಗೆ ತೇವದಲ್ಲಿ ಇರುತ್ತಲ್ಲ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದು ಬಣ್ಣದ್ದು, ಅದು. ಜೊತೆಗೆ ಸಾಸಿವೆಗಿಂತ ಚಿಕ್ಕದಾದ, ಚಿಮ್ಮುವ ಬಿಳಿ ಹುಳ. ಎರಡೂ ಸೇರಿ ಬೂಷ್ಟು, ಕೊಳೆತ ಎಲೆ, ಹಿಕ್ಕೆಯ ಚೂರು ಎಲ್ಲ ತಿಂದು ಮಣ್ಣಿಗೆ ಸೇರಿಸ್ತವೆ. ಬೂದು ಹುಳ ಆರಿಸುವಾಗ ಕಾಲು ಎಣಿಸಬೇಕು. ಏಳು ಜೊತೆ ಇದ್ದರೆ ಸರಿ. ಅದಕ್ಕಿಂತ ಜಾಸ್ತಿ ಕಾಲಿದ್ದು ಸುತ್ತಿಕೊಂಡರೆ ಅದು ಸಾವಿರಕಾಲಿನ ಜಾತಿಯದ್ದು. ಅವುಗಳಲ್ಲಿ ಕೆಲವು ವಿಷದ ರಸ ಬಿಡುತ್ತವೆ, ಬೇಡ.

ಕೆಂಚಿಯನ್ನ ತಕ್ಷಣ ಬಿಡಲಿಲ್ಲ. ಮೂರು ವಾರ ಪೆಟ್ಟಿಗೆ ಖಾಲಿಯೇ ನಡೆಯಿತು, ಬಲ್ಬು, ನೀರು, ಎಲ್ಲ. ಮೊದಲ ವಾರ ಎಲೆಗಳ ಮೇಲೆ ಹತ್ತಿ ಹಾಗೆ ಬಿಳಿ ಬೂಷ್ಟು ಬಂದು ಹೆದರಿದೆ. ಬಿಳಿ ಹುಳ ಹೆಚ್ಚಿದ ಹಾಗೆ ತಾನಾಗಿ ಕಡಿಮೆಯಾಯಿತು. ಬೆರಳಲ್ಲಿ ಒಂದು ಬಿಲ ತೋಡಿ ಬಿಟ್ಟಿದ್ದೆ, ಇಪ್ಪತ್ತು ದಿನ ಆದರೂ ಕುಸಿಯಲಿಲ್ಲ. ಕಲ್ಲಿನ ಮೇಲೆ 32, ಹೆಂಚಿನ ಕಡೆ 25, ತೇವ 60ರ ಆಸುಪಾಸು.

ಜೂನ್ ಮೊದಲ ವಾರ ಬಿಟ್ಟೆ. ಅಡುಗೆಮನೆ ತಕ್ಕಡಿಯಲ್ಲಿ ತೂಕ 56 ಗ್ರಾಂ ಬರೆದುಕೊಂಡೆ. ಎಲೆ ಮೇಲೆ ಇಟ್ಟಾಗ ಅವಳು ಹೆಜ್ಜೆ ಇಡಲಿಲ್ಲ. ನಾಲಿಗೆ ಚಾಚಿ ಮಣ್ಣು ಮುಟ್ಟಿದಳು, ನನ್ನ ಎದೆ ಧಸಕ್ ಅಂತು, ನೆಕ್ಕುತ್ತಿದ್ದಾಳೆ ಅಂತ. ಒಂದೇ ಸಲ. ಈ ಹಲ್ಲಿಗಳು ವಾಸನೆ ನೋಡೋದೂ ಹಾಗೇ. ಆಮೇಲೆ ಬಲ ಮುಂಗಾಲು ಮಣ್ಣಿಗೆ ಊರಿ ಹಿಂದಕ್ಕೆ ಎಳೆದಳು. ಮಣ್ಣು ಬಂತು. ಒಂದು ಕ್ಷಣ ನಿಂತಳು. ಮತ್ತೆ ಎಳೆದಳು. ಆಮೇಲೆ ನಿಲ್ಲಿಸಲೇ ಇಲ್ಲ. ರಾತ್ರಿ ಒಂದು ಗಂಟೆ ತನಕ ನಾನು ಅಲ್ಲೇ ನೆಲದ ಮೇಲೆ ಕೂತಿದ್ದೆ.

ಮೊದಲ ಎರಡು ತಿಂಗಳು ಅವಳು ತಿನ್ನುವ ಹುಳಗಳನ್ನ ನುಣುಪಾದ ಬಟ್ಟಲಲ್ಲಿ ಮಾತ್ರ ಹಾಕಿದೆ, ಮಣ್ಣಿನ ಜೊತೆ ನುಂಗದಿರಲಿ ಅಂತ. ಕ್ಯಾಲ್ಸಿಯಂ ಪುಡಿ ಬಾಟಲಿ ಮುಚ್ಚಳದಲ್ಲಿ ಯಾವಾಗಲೂ ಇರುತ್ತೆ. ಹಿಕ್ಕೆ ದಿನಾ ನೋಡ್ತೀನಿ. ಈ ಜಾತಿಯ ಹಲ್ಲಿಗೆ ಸಾಮಾನ್ಯವಾಗಿ ಹಿಕ್ಕೆ ಜಾಗ ಒಂದೇ, ಮೂಲೆಯಲ್ಲಿ. ಹಳೆ ಸೌಟಲ್ಲಿ ಆ ಹಿಡಿ ಮಣ್ಣು ತೆಗೆದು ಹೊಸದು ಹಾಕಿದರೆ ಆಯಿತು.

ತೊಂದರೆ ಬಂದಿದ್ದು ಇರುವೆಯಿಂದ. ಜುಲೈನಲ್ಲಿ ಒಂದು ಬೆಳಗ್ಗೆ ಕೆಂಪಿರುವೆ ಸಾಲು ಹೆಂಚಿನ ತನಕ ಹೋಗಿತ್ತು, ಒಳಗೆ ಸತ್ತ ಮಿಡತೆಯ ವಾಸನೆಗೆ. ಪೊರೆ ಬಿಡುವ ಹಲ್ಲಿಯನ್ನ ಇರುವೆ ಮುತ್ತಿದರೆ ಗತಿ ಏನು? ಇರುವೆ ಪುಡಿ, ಇರುವೆ ಸೀಮೆಸುಣ್ಣ ಎರಡೂ ವಿಷ, ಪೆಟ್ಟಿಗೆ ಹತ್ತಿರ ತರೋ ಹಾಗಿಲ್ಲ. ಅಜ್ಜಿ ಫೋನಲ್ಲೇ ಹೇಳಿದರು, 'ಬೀರಿನ ಕಾಲಿಗೆ ಬಟ್ಟಲು ಇಡ್ತಿದ್ವಲ್ಲವ್ವ'. ಹಾಲು, ಬೆಣ್ಣೆ ಇಡುವ ಬೀರಿಗೆ ಮಾಡುತ್ತಿದ್ದ ಹಾಗೆ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟು, ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆ. ಅವತ್ತಿಂದ ಒಂದೂ ಬಂದಿಲ್ಲ. ಸೊಳ್ಳೆ ಆಗದ ಹಾಗೆ ಎರಡು ದಿನಕ್ಕೊಮ್ಮೆ ನೀರು ಬದಲಾಯಿಸ್ತೀನಿ.

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರು ಹುಳ ಪೊರೆ ಬಿಡೋಕೆ ಮೇವು ಬಿಟ್ಟು ಕೂತಾಗ ಜ್ವರಕ್ಕೆ ಕೂತಿದೆ ಅಂತಾರೆ. ನಮ್ಮನೆಯಲ್ಲೂ ಈಗ ಅದೇ ಮಾತು. ಆಗಸ್ಟ್‌ನಲ್ಲಿ ಕೆಂಚಿ ಜ್ವರಕ್ಕೆ ಕೂತಳು. ಮೈ ಬೂದಿ ಬಳಿದ ಹಾಗಾಯಿತು, ಹೆಂಚಿನ ಕೆಳಗೆ ಸೇರಿಕೊಂಡಳು. ಅಷ್ಟರಲ್ಲಿ ಅಜ್ಜಿಯೂ ನಮ್ಮ ಮನೆಗೆ ಬಂದಿದ್ದರು. ರಾತ್ರಿ ಇಬ್ಬರೂ ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡ್ತಾ ಕೂತೆವು. ಅವಳು ಮೂತಿಯನ್ನ ಹೆಂಚಿನ ಅಂಚಿಗೆ ಉಜ್ಜಿ, ಚರ್ಮ ಹಿಂದಕ್ಕೆ ಸರಿಸಿ, ಬಾಯಲ್ಲಿ ಹಿಡಿದು ಎಳೆದು ತಿಂದಳು. ಕೊನೆಗೆ ಕಾಲು. ಒಂದೊಂದೇ ಬೆರಳಿನ ಚರ್ಮ ಕೈಗವಸು ಕಳಚಿದ ಹಾಗೆ ಬಂತು. ತುದಿ ಇಲ್ಲದ ಬೆರಳಿನದೂ ಬಂತು. ಅಜ್ಜಿ ಎಣಿಸ್ತಾ ಇದ್ದರು, ಇಪ್ಪತ್ತಾದ ಮೇಲೆ 'ಎಲ್ಲಾ ಬಂತು ಕಣವ್ವ, ಮಲಕ್ಕೋ ನಡಿ' ಅಂದರು.

ಉಳಿದ ಮಣ್ಣು ಅರ್ಧ ಚೀಲ ಮೆಟ್ಟಿಲ ಕೆಳಗೆ ಇದೆ. ಅಮ್ಮ ಕರಿಬೇವಿನ ಕುಂಡಕ್ಕೆ ಹಾಕಿಬಿಡ್ತಾರೆ ಅಂತ ಚೀಲದ ಮೇಲೆ ಕೆಂಚಿ ಅಂತ ದೊಡ್ಡದಾಗಿ ಬರೆದಿಟ್ಟಿದ್ದೀನಿ.